ನೀಲಿ ಪರದೆಯ ಕಂಪೈಲರೂ ಚುಕ್ಕೆ ಒತ್ತುವ ಯಂತ್ರವೂ

ಕೆಂಗೇರಿ ಕಡೆಯ ಒಂದು ಪಾಲಿಟೆಕ್ನಿಕ್ಕಿನಲ್ಲಿ ನಾನು ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರಿದ ಮಕ್ಕಳಿಗೆ ಸಿ ಎಂಬ ಕಂಪ್ಯೂಟರ್ ಭಾಷೆಯ ಅಭ್ಯಾಸ ಮಾಡಿಸುವುದು ನನ್ನ ಕೆಲಸ. ನಾವು ಬರೆದ ಪ್ರೋಗ್ರಾಮನ್ನು ಯಂತ್ರಕ್ಕೆ ತಿಳಿಯುವ ಹಾಗೆ ತಿರುಗಿಸಿಕೊಡುವ ತಂತ್ರಾಂಶಕ್ಕೆ ಕಂಪೈಲರ್ ಎನ್ನುತ್ತಾರೆ. ನಮ್ಮ ಲ್ಯಾಬಿನಲ್ಲಿರುವ ಕಂಪೈಲರ್ ನಾನು ಓದುವ ಕಾಲಕ್ಕೇ ಹಳತಾಗಿತ್ತು. ತೆರೆದರೆ ಪರದೆಯೆಲ್ಲ ಗಾಢ ನೀಲಿ, ಅದರ ಮೇಲೆ ಹಳದಿ ಅಕ್ಷರ. ಮೌಸ್ ಮುಟ್ಟುವ ಹಾಗಿಲ್ಲ. ಪ್ರತಿ ವರ್ಷ ಹೊಸ ಬ್ಯಾಚಿನಲ್ಲಿ ಒಬ್ಬನಾದರೂ ಎದ್ದು ನಿಂತು, "ಮಿಸ್, ಇದನ್ನ ಮ್ಯೂಸಿಯಮ್ಮಿಗೆ ಕೊಟ್ಬಿಡಿ" ಎನ್ನುತ್ತಾನೆ. ನಾನೂ ನಗುತ್ತೇನೆ. ಆದರೆ ಮದುವೆ ಮುಂಜಿಗಳಲ್ಲಿ ಯಾರಾದರೂ ಏನು ಕಲಿಸುತ್ತೀರಿ ಎಂದು ಕೇಳಿದರೆ, ಕಂಪ್ಯೂಟರ್ ಎಂದಷ್ಟೇ ಹೇಳಿ ಮಾತು ಬೇರೆ ಕಡೆಗೆ ತಿರುಗಿಸುತ್ತಿದ್ದೆ.

ಮನೆ ಬಸವೇಶ್ವರನಗರದಲ್ಲಿ. ಕೆಳಗಿನ ಭಾಗದಲ್ಲಿ ನಾನಿದ್ದೇನೆ, ಮೇಲಿನ ಭಾಗದಲ್ಲಿ ತಾಯಿ ಮಗಳು ಇದ್ದಾರೆ. ಮಗಳಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಇತಿಹಾಸದಲ್ಲಿ ಎಂ.ಎ. ಮಾಡಿದ್ದಾರೆ. ದೀಪಾಂಜಲಿ ನಗರದ ಮೆಟ್ರೋ ನಿಲ್ದಾಣದಿಂದ ಸ್ವಲ್ಪ ಒಳಗೆ, ಒಂದು ಟ್ರಸ್ಟ್ ನಡೆಸುವ ಬ್ರೈಲ್ ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ದಪ್ಪ ಕಾಗದದ ಮೇಲೆ ಉಬ್ಬಿದ ಚುಕ್ಕೆಗಳನ್ನು ಬೆರಳಿನಿಂದ ಓದಿ ತಪ್ಪು ಹುಡುಕುವುದು. ಮಾತಿನಲ್ಲಿ ಬಲು ಚುರುಕು. ನಾನು ಸ್ಕೂಟರ್ ಗೇಟಿನೊಳಗೆ ತರುವ ಸದ್ದಿನಲ್ಲೇ ನನ್ನ ದಿನ ಹೇಗಿತ್ತೆಂದು ಹೇಳಿಬಿಡುತ್ತಿದ್ದರು.

ಒಂದು ಬೇಸಿಗೆಯ ಸಂಜೆ ಅವರು ಮೆಟ್ಟಿಲ ಮೇಲೆ ನನಗಾಗಿ ಕಾಯುತ್ತ ಕುಳಿತಿದ್ದರು.

"ಅಕ್ಕ, ರನ್‌ಟೈಮ್ ಎರರ್ ಇನ್ನೂರು ಅಂದ್ರೇನು?"

ಹೆಲ್ಮೆಟ್ ತೆಗೆಯುತ್ತಿದ್ದವಳು ಹಾಗೇ ನಿಂತೆ. ಆ ಹೆಸರು ಕಿವಿಗೆ ಬೀಳದೆ ಎಷ್ಟೋ ಕಾಲವಾಗಿತ್ತು.

"ಯಾರು ಹೇಳಿದ್ರು ನಿಮಗೆ?"

"ನಮ್ಮ ಪ್ರೆಸ್ಸಲ್ಲಿ ಮೆಷಿನ್ ನೋಡ್ಕೊಳ್ಳೋ ಅಣ್ಣ ಓದಿ ಹೇಳಿದ್ರು. ಹಳೇ ಕಂಪ್ಯೂಟರ್ ಸತ್ತೋಯ್ತು. ಯಾರೋ ಅವರ ಆಫೀಸಲ್ಲಿ ಬೇಡ ಅಂದಿದ್ದನ್ನ ಕೊಟ್ರು. ಅದರಲ್ಲಿ ನಮ್ಮ ಪ್ರೋಗ್ರಾಮ್ ಹಾಕಿದ್ರೆ ಇದೊಂದೇ ಸಾಲು ಬಂದು ನಿಂತೋಗತ್ತಂತೆ."

"ಕಂಪ್ಯೂಟರ್ ಜಾಸ್ತಿ ಫಾಸ್ಟಾಗಿದೆ ಅಂತ ಅರ್ಥ."

"ತಮಾಷೆ ಮಾಡ್ಬೇಡಿ ಅಕ್ಕ, ನನ್ನ ಹೊಟ್ಟೆ ಉರೀತಾ ಇದೆ."

ನಾನು ತಮಾಷೆ ಮಾಡಿರಲಿಲ್ಲ. ಪ್ಯಾಸ್ಕಲ್ ಎಂಬ ಹಳೆಯ ಭಾಷೆಯ ಕಂಪೈಲರ್ ತನ್ನ ಪ್ರೋಗ್ರಾಮುಗಳೊಳಗೆ ಒಂದು ಅಭ್ಯಾಸ ಸೇರಿಸಿಡುತ್ತಿತ್ತು. ಶುರುವಾದ ತಕ್ಷಣ ಪ್ರೋಗ್ರಾಮು ಈ ಕಂಪ್ಯೂಟರ್ ಎಷ್ಟು ವೇಗವಾಗಿ ಎಣಿಸುತ್ತದೆ ಎಂದು ಅಳೆದು ನೋಡಿ, ಅದರ ಮೇಲೆ ಕಾಯುವ ಸಮಯ ಲೆಕ್ಕ ಹಾಕಿಕೊಳ್ಳುತ್ತದೆ. ಕಂಪೈಲರ್ ಮಾಡಿದವರು ಊಹಿಸಿರದಷ್ಟು ವೇಗದ ಯಂತ್ರ ಸಿಕ್ಕರೆ ಆ ಲೆಕ್ಕದ ಉತ್ತರ ಅದಕ್ಕೆ ಕೊಟ್ಟ ಜಾಗದಲ್ಲಿ ಹಿಡಿಸದೆ ಪ್ರೋಗ್ರಾಮು ಅಲ್ಲೇ ಬಿದ್ದುಹೋಗುತ್ತದೆ. ಅದನ್ನು ಸರಿಮಾಡಬಹುದೆಂದು ನನಗೆ ಗೊತ್ತಿತ್ತು. ಹಾಗೆಂದು ಹೇಳಿದ್ದೇ ತಡ, ಶನಿವಾರ ಮಧ್ಯಾಹ್ನ ಅವರು ನನ್ನ ಸ್ಕೂಟರಿನ ಹಿಂದೆ ಕುಳಿತು, "ಹೊರಡಿ" ಎಂದರು.

ಪ್ರೆಸ್ ಎಂದರೆ ಶೀಟು ಹೊದಿಸಿದ ಉದ್ದನೆಯ ಕೋಣೆ. ನಡುವೆ ಚುಕ್ಕೆ ಒತ್ತುವ ಯಂತ್ರ. ಕಬ್ಬಿಣದ ಮೈ, ಒಳಗೆ ಸಾಲಾಗಿ ನಿಂತ ಪಿನ್ನುಗಳು. ಅವು ಮೇಲೆದ್ದು ಕಾಗದಕ್ಕೆ ಗುದ್ದಿದಾಗ ಹಿಂಬದಿಯಲ್ಲಿ ಚುಕ್ಕೆ ಉಬ್ಬುತ್ತದೆ. ಅದನ್ನು ನೋಡಿಕೊಳ್ಳುವವರು ಹೆಗ್ಗನಹಳ್ಳಿಯಿಂದ ಬರುವ ಹಿರಿಯರೊಬ್ಬರು. ಅಲ್ಲಿ ಎಲ್ಲರೂ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದರು. ನನ್ನನ್ನು ಮೇಲಿನಿಂದ ಕೆಳಗೆ ನೋಡಿ ಅಣ್ಣ ಹೇಳಿದರು: "ಮೇಡಂ, ಮೆಷಿನ್ನಿಗೆ ಏನೂ ಆಗಿಲ್ಲ. ಅದಕ್ಕೆ ಹೇಳೋರು ಇಲ್ಲ, ಅಷ್ಟೇ."

ತೊಂದರೆ ಒಂದಲ್ಲ, ಎರಡು ಎಂದು ಅವತ್ತು ತಿಳಿಯಿತು. ಕಂಪ್ಯೂಟರಿನದು ಒಂದು. ಇನ್ನೊಂದು ಪಠ್ಯದ್ದು. ಪಿಯುಸಿಯ ಇತಿಹಾಸದ ಪಠ್ಯ ಬದಲಾಗಿತ್ತು. ಹೊಸ ಪಠ್ಯ ಬಂದಿದ್ದು ಈಗ ಎಲ್ಲ ಫೋನು ಕಂಪ್ಯೂಟರುಗಳಲ್ಲಿ ನಡೆಯುವ ಯೂನಿಕೋಡ್ ಕನ್ನಡದಲ್ಲಿ. ಪ್ರೆಸ್ಸಿನ ಪ್ರೋಗ್ರಾಮಿಗೆ ಅದರ ಗಂಧಗಾಳಿ ಇಲ್ಲ. ಅದು ಹುಟ್ಟಿದ ಕಾಲದಲ್ಲಿ ಯಾವುದೋ ಒಂದು ಫಾಂಟಿನ ಒಳಸಂಕೇತದಲ್ಲಿ ಒಬ್ಬರು ಕೂತು ಟೈಪು ಮಾಡುತ್ತಿದ್ದರಂತೆ. ಅವರು ನಿವೃತ್ತರಾಗಿ ಊರು ಬಿಟ್ಟಿದ್ದರು. ಪ್ರೋಗ್ರಾಮ್ ಬರೆದವರು ತೀರಿಕೊಂಡಿದ್ದರು.

ಟ್ರಸ್ಟಿನ ಕಾರ್ಯದರ್ಶಿಗಳು ಒಳ್ಳೆಯ ಮನುಷ್ಯರು, ಆದರೆ ಸೋತಿದ್ದರು. "ನೋಡಿ ಮೇಡಂ, ಬೇಸಿಗೆ ರಜೆ ಮುಗಿಯೋವರೆಗೂ ಪ್ರಯತ್ನ ಮಾಡಿ, ನಾನು ಬೇಡ ಅನ್ನಲ್ಲ. ಆಮೇಲೆ ಈ ಜಾಗ ಬೇರೆ ಕೆಲಸಕ್ಕೆ ಬೇಕು. ಪುಸ್ತಕಾನ ಬೇರೆ ಊರಿನ ಪ್ರೆಸ್ಸಿಗೆ ಹೇಳೋಣ."

"ಹೋದ ಸಲ ಬೇರೆ ಊರಿಂದ ಬಂದಾಗ ಮಕ್ಕಳು ಅರ್ಧ ವಾರ್ಷಿಕ ಪರೀಕ್ಷೆ ಬರೆದು ಮುಗಿಸಿದ್ರು ಸಾರ್" ಎಂದರು ನನ್ನ ಜೊತೆ ಬಂದವರು.

ಸತ್ತ ಕಂಪ್ಯೂಟರಿನ ಡಿಸ್ಕನ್ನು ಬಿಚ್ಚಿ ಕಾಲೇಜಿಗೆ ತಂದು ತೆರೆದು ನೋಡಿದೆ. ಪುಟದ ಅಗಲ, ಸಾಲು ಮುರಿಯುವುದು, ಪುಟಸಂಖ್ಯೆ ಇವನ್ನೆಲ್ಲ ನೋಡಿಕೊಳ್ಳುವ ಭಾಗ ಪ್ಯಾಸ್ಕಲ್‌ನಲ್ಲಿತ್ತು. ಅದರ ಮೂಲ, ಅಂದರೆ ಬರೆದವರು ಟೈಪು ಮಾಡಿದ್ದ ಸಾಲುಗಳು, ಸಿಕ್ಕಿತು. ಆದರೆ ಪಿನ್ನುಗಳನ್ನು ಎತ್ತಿ ಇಳಿಸುವ ಭಾಗ ಅಸೆಂಬ್ಲಿಯಲ್ಲಿ, ಅಂದರೆ ಯಂತ್ರದ ತೀರಾ ಹತ್ತಿರದ ಭಾಷೆಯಲ್ಲಿ ಬರೆದದ್ದು. ಅದರ ಮೂಲ ಎಲ್ಲೂ ಇರಲಿಲ್ಲ. ಕಂಪೈಲ್ ಆದ ತುಣುಕು ಮಾತ್ರ ಉಳಿದಿತ್ತು. ಆ ತುಣುಕನ್ನು ಹೊಂದಿಸಿಕೊಳ್ಳಬಲ್ಲದ್ದು ಅದೇ ಕಾಲದ ಪ್ಯಾಸ್ಕಲ್ ಕಂಪೈಲರ್ ಒಂದೇ, ಪುಣ್ಯಕ್ಕೆ ಅದು ಆ ಡಿಸ್ಕಿನಲ್ಲೇ ಇತ್ತು. ಹೊಸ ಕಂಪೈಲರುಗಳು ಅದನ್ನು ಮೂಸಿಯೂ ನೋಡಲಿಲ್ಲ.

ನಮ್ಮ ಕಾಲೇಜಿನ ಕಿರಿಯ ಉಪನ್ಯಾಸಕರೊಬ್ಬರು ಒಂದು ದಾರಿ ಹೇಳಿದರು. ಯೂನಿಕೋಡನ್ನು ಬ್ರೈಲಿಗೆ ತಿರುಗಿಸುವ ಕೆಲಸವನ್ನು ನನ್ನ ಲ್ಯಾಪ್‌ಟಾಪಿನಲ್ಲೇ ಹೊಸ ಭಾಷೆಯಲ್ಲಿ ಮಾಡಿ, ಸಿದ್ಧವಾದ ಫೈಲನ್ನು ಹಳೆಯ ಪ್ರೋಗ್ರಾಮಿಗೆ ಕೊಟ್ಟರಾಯಿತು ಎಂದು. ಬುದ್ಧಿವಂತ ಸಲಹೆ. ಸಂಜೆ ಮೇಲಿನ ಮನೆಗೆ ಹೋಗಿ ಹೇಳಿದೆ. ಮಗಳು ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೇಳಿಸಿಕೊಂಡರು.

"ನಾನು ಓದ್ತಾ ಒಂದು ತಪ್ಪು ಸಿಗತ್ತೆ ಅಂತಿಟ್ಕೊಳ್ಳಿ. ಆಗ?"

"ನನಗೆ ಹೇಳಿ. ತಿದ್ದಿ ಮತ್ತೆ ಫೈಲ್ ಮಾಡ್ಕೊಡ್ತೀನಿ."

"ನಿಮಗೆ ಜ್ವರ ಬಂದ್ರೆ? ನಿಮ್ಮ ಕಾಲೇಜಲ್ಲಿ ಪರೀಕ್ಷೆ ನಡೀತಾ ಇದ್ರೆ? ಒಬ್ಬರು ಟೈಪಿಸ್ಟ್ ಹೋದಾಗ್ಲೇ ನಾವು ಕೈಕಟ್ಕೊಂಡು ಕೂತ್ವಿ. ಅಲ್ಲೇ ತಪ್ಪು ತಿದ್ದಿ ಅಲ್ಲೇ ಆ ಪುಟ ಒತ್ತೋ ಹಂಗಿರ್ಬೇಕು. ಅಣ್ಣ ಒಬ್ಬರೇ ಇದ್ರೂ ನಡೀಬೇಕು."

ಅವರ ತಾಯಿ ಒಳಗಿನಿಂದ ಕಾಫಿ ತಂದರು. "ಇವಳ ಹಟ ನಿಮಗೆ ಗೊತ್ತಿಲ್ಲ" ಎಂದು ನಕ್ಕು ಪಕ್ಕದಲ್ಲಿ ಕುಳಿತರು. ಮಗಳು ಪಿಯುಸಿ ಓದುವಾಗ ಬ್ರೈಲ್ ಪುಸ್ತಕ ಇರಲಿಲ್ಲವಂತೆ. ತಾಯಿ ತಾವು ಪ್ರೈಮರಿ ಶಾಲೆಯಲ್ಲಿ ಕಲಿತಿದ್ದ ಕನ್ನಡದಲ್ಲಿ ಅಕ್ಷರ ಕೂಡಿಸಿ ಕೂಡಿಸಿ ಇಡೀ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳಿದ್ದರು. "ಸಾಮ್ರಾಜ್ಯ ಅನ್ನೋ ಪದ ಬಂದಾಗೆಲ್ಲ ನಂಗೆ ನಾಲಿಗೆ ತೊಡರೋದು" ಎಂದರು ತಾಯಿ.

"ಅಮ್ಮ ಓದಿದ್ದಕ್ಕೆ ನಾನು ಪಾಸಾದೆ. ಆದ್ರೆ ನಾನು ಓದಲಿಲ್ಲ ಅಕ್ಕ, ಕೇಳಿದೆ. ಒಂದು ಸಾಲು ಇಷ್ಟ ಆಯ್ತು ಅಂತ ಅಲ್ಲೇ ನಿಂತ್ಕೊಳ್ಳೋಕೆ ಆಗ್ತಿರಲಿಲ್ಲ. ಅಮ್ಮಂಗೆ ಅನ್ನ ಬಸಿಯೋಕೆ ಹೋಗ್ಬೇಕಿತ್ತು."

ಮೆಟ್ಟಿಲು ಇಳಿಯುವಾಗಲೇ ನಿರ್ಧಾರವಾಗಿತ್ತು. ತಿರುಗಿಸುವ ಭಾಗವನ್ನು ನಾನು ಬಲ್ಲ ಸಿ ಭಾಷೆಯಲ್ಲಿ, ನಮ್ಮ ಲ್ಯಾಬಿನ ಅದೇ ಮುದಿ ಕಂಪೈಲರಿನಲ್ಲಿ ಬರೆಯುವುದು. ಅದನ್ನು ಪ್ಯಾಸ್ಕಲ್ ಭಾಗಕ್ಕೆ ಜೋಡಿಸುವುದು, ಪ್ಯಾಸ್ಕಲ್ಲಿಗೆ ಅಸೆಂಬ್ಲಿಯ ತುಣುಕು ಹೇಗೂ ಅಂಟಿಕೊಂಡಿದೆ. ಮೂರು ಭಾಷೆ ಸೇರಿ ಒಂದೇ ಪ್ರೋಗ್ರಾಮು, ಪ್ರೆಸ್ಸಿನ ಕಂಪ್ಯೂಟರಿನಲ್ಲೇ ಎಲ್ಲವೂ. ಇಂಥದ್ದನ್ನು ನಾನು ಹಿಂದೆ ಮಾಡಿರಲಿಲ್ಲ. ಆ ಎರಡು ಕಂಪೈಲರುಗಳು ಒಂದೇ ಕಾಲದವು, ಹೊಂದಿಕೊಳ್ಳಬಹುದು ಎಂಬ ಧೈರ್ಯವೊಂದೇ ಇತ್ತು.

ಎರರ್ ಇನ್ನೂರು ಮೊದಲು ಹೋಯಿತು. ವೇಗ ಅಳೆಯುವ ಆ ಅಭ್ಯಾಸವನ್ನು ತೆಗೆದು, ಕಂಪ್ಯೂಟರಿನ ಒಳಗಿನ ಗಡಿಯಾರ ನೋಡಿ ಕಾಯುವ ಹಾಗೆ ಬರೆದೆ. ನಂತರ ಸಿ ಭಾಗಕ್ಕೆ ಕೂತೆ. ಪ್ಯಾಸ್ಕಲ್ಲಿನ ಮನೆಗೆ ಸಿ ಬರಬಹುದು, ಆದರೆ ತನ್ನ ಪಾತ್ರೆ ಪಡಗ ತರುವ ಹಾಗಿಲ್ಲ. ಪದದ ಉದ್ದ ಅಳೆಯುವುದು, ಒಂದು ಕಡೆಯಿಂದ ಇನ್ನೊಂದು ಕಡೆಗೆ ನಕಲು ಮಾಡುವುದು ಇಂಥ ಚಿಕ್ಕ ಕೆಲಸಕ್ಕೂ ಸಿಯಲ್ಲಿ ಸಿದ್ಧ ಸಾಮಾನು ಇರುತ್ತದೆ. ಅದ್ಯಾವುದೂ ಇಲ್ಲಿ ಸಿಗುವುದಿಲ್ಲ. ಎಲ್ಲವನ್ನೂ ಕೈಯಾರೆ ಬರೆಯಬೇಕು. ಮಧ್ಯಾಹ್ನ ತರಗತಿ ಮುಗಿದ ಮೇಲೆ ಲ್ಯಾಬಿನಲ್ಲಿ ಒಬ್ಬಳೇ ಕೂತು ಬರೆದೆ. ಪರೀಕ್ಷೆಗಾಗಿ ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದ ಪ್ರೋಗ್ರಾಮುಗಳನ್ನು ನಾನೇ ಮೊದಲ ಸಲ ಒಂದು ಉಪಯೋಗಕ್ಕೆಂದು ಬರೆಯುತ್ತಿದ್ದೆ. ಕೈಗೆ ಹೊಸ ಹುರುಪು ಬಂದಿತ್ತು.

ಮೊದಲ ಪ್ರಯೋಗದ ದಿನ ಅಣ್ಣ ಯಂತ್ರಕ್ಕೆ ಎಣ್ಣೆ ಬಿಟ್ಟು, ಹೊಸ ಕಾಗದ ಏರಿಸಿ, ಗುಂಡಿ ಒತ್ತಿದರು. ಟಕಟಕ ಶುರುವಾಯಿತು. ಸ್ವಲ್ಪ ಹೊತ್ತು ಎಲ್ಲರ ಮುಖದಲ್ಲೂ ಬೆಳಕು. ಆಮೇಲೆ ಯಂತ್ರದ ತಲೆ ಕಾಗದದ ಅಂಚು ದಾಟಿ ಹೋಗಿ ಕಬ್ಬಿಣಕ್ಕೆ ಢಣ್ಣೆಂದು ಬಡಿಯಿತು.

"ಅಯ್ಯೋ, ತಲೆ ಮುರ್ದೋಗತ್ತೆ!" ಎಂದು ಅಣ್ಣ ಪ್ಲಗ್ಗು ಕಿತ್ತೇ ಬಿಟ್ಟರು.

ಯಂತ್ರ ಮುರಿದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅಣ್ಣ ಕೆಳಗೆ ಬಾಗಿ ಪಿನ್ನುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಪೆಟ್ಟಾಗಿಲ್ಲ ಎಂದರು. ಅಷ್ಟರಲ್ಲಿ ಮೇಲಿನ ಮನೆಯ ಮಗಳು ಒತ್ತಿದ್ದ ಹಾಳೆಯನ್ನು ಎಳೆದುಕೊಂಡು ಮಡಿಲಲ್ಲಿಟ್ಟುಕೊಂಡು ಓದತೊಡಗಿದ್ದರು. ಬೆರಳು ಹೋಗಿ ಬಂದು ಹೋಗಿ ಬಂದು, ಕೊನೆಗೆ ನಗು.

"ಎಲ್ಲಾ ಸಾಲಿಗೂ ತಲೆ ಇಲ್ಲ ಅಕ್ಕ. ಮೊದಲನೇ ಅಕ್ಷರ ಯಾರೋ ನುಂಗಿದಾರೆ. 'ಅರಸರ ಕಾಲದಲ್ಲಿ' ಅಂತ ಇರ್ಬೇಕಾದ ಕಡೆ ಬರೀ 'ರ' ಇದೆ, ಅಷ್ಟಕ್ಕೇ ಸಾಲು ಮುಗೀತು. ಇಲ್ನೋಡಿ, 'ಕ'ದಿಂದ ಶುರುವಾಗ್ಬೇಕಾದ ಸಾಲಲ್ಲಿ ಐದೇ ಗುರುತು. 'ಯುದ್ಧ' ಇರ್ಬೇಕಾದ ಸಾಲು ಮಾತ್ರ ಕಾಗದ ಬಿಟ್ಟು ಮೈಸೂರು ರಸ್ತೆಗೆ ಹೋಗಿದೆ."

'ಅ'ಗೆ ಒಂದು, 'ಕ'ಗೆ ಐದು, 'ಯ'ಗೆ ಕಾಗದ ಹಿಡಿಸದಷ್ಟು. ನಾನು ಆ ಮಾತನ್ನು ಮನಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ. ಬ್ರೈಲಿನ ಚುಕ್ಕೆಗಳನ್ನು ಪ್ರೋಗ್ರಾಮಿನಲ್ಲಿ ನಾವು ಸಂಖ್ಯೆಯಾಗಿ ಇಟ್ಟಿರುತ್ತೇವೆ. 'ಅ' ಎಂದರೆ ಮೊದಲ ಚುಕ್ಕೆ ಮಾತ್ರ, ಸಂಖ್ಯೆ ಒಂದು. 'ಕ' ಐದು. 'ಯ' ದೊಡ್ಡ ಸಂಖ್ಯೆ. ಅಕ್ಷರದ ಸಂಖ್ಯೆಯನ್ನು ಯಾರೋ ಸಾಲಿನ ಉದ್ದವೆಂದು ತಿಳಿಯುತ್ತಿದ್ದರು. ಯಾರು? ಪ್ಯಾಸ್ಕಲ್! ಸಿ ಭಾಷೆ ಪದವನ್ನು ನೇರವಾಗಿ ಬರೆದು, ಮುಗಿಯಿತೆಂದು ತಿಳಿಸಲು ಕೊನೆಯಲ್ಲಿ ಸೊನ್ನೆ ಇಡುತ್ತದೆ. ಪ್ಯಾಸ್ಕಲ್ ಹಾಗಲ್ಲ, ಎಷ್ಟು ಅಕ್ಷರ ಬರಲಿವೆ ಎಂಬ ಸಂಖ್ಯೆಯನ್ನು ಮೊದಲೇ ಇಟ್ಟು ನಂತರ ಅಕ್ಷರ ಬರೆಯುತ್ತದೆ. ನಾನು ಕಳಿಸಿದ ಮೊದಲ ಅಕ್ಷರವನ್ನೇ ಅದು ಎಣಿಕೆ ಎಂದುಕೊಂಡಿತ್ತು.

"ನಿಮ್ಮ ಬೆರಳಿಗೆ ಬಂಗಾರದ ಬಳೆ ಹಾಕ್ಬೇಕು" ಎಂದೆ.

"ಬೆರಳಿಗೆ ಬಳೆ ಹಾಕಲ್ಲ ಅಕ್ಕ, ಉಂಗುರ. ಮೊದಲು ಸಾಲಿಗೆ ತಲೆ ಹಾಕಿ."

ತಲೆ ಹಾಕಿದೆ. ಮುಂದಿನ ಜಗಳ ಒತ್ತಕ್ಷರದ್ದು. ಯೂನಿಕೋಡಿನಲ್ಲಿ 'ಸ್ತ' ಎಂದರೆ ಸ, ಅದಾದ ಮೇಲೆ ಅರ್ಧಾಕ್ಷರದ ಗುರುತು, ಆಮೇಲೆ ತ. ನಾನು ಅದೇ ಕ್ರಮದಲ್ಲಿ ಚುಕ್ಕೆ ಒತ್ತಿಸಿದ್ದೆ. ಅವರು ಒಂದು ಪುಟ ಓದಿ ಹಾಳೆಯನ್ನು ಪಕ್ಕಕ್ಕೆ ತಳ್ಳಿದರು.

"ಇದು ಕನ್ನಡ ಅಲ್ಲ."

"ಅಕ್ಷರ ಎಲ್ಲಾ ಇದೆಯಲ್ಲ?"

"ಇದೆ. ಆದ್ರೆ ಬ್ರೈಲಲ್ಲಿ ಅರ್ಧಾಕ್ಷರದ ಚುಕ್ಕೆ ಮುಂಚೆ ಬರ್ಬೇಕು. ಮುಂದೆ ಬರೋದು ಅರ್ಧ ಅಂತ ಬೆರಳಿಗೆ ಮೊದಲೇ ಗೊತ್ತಾಗ್ಬೇಕು. ನೀವು ಪೂರ್ತಿ ಓದಿಸಿಬಿಟ್ಟು, ಆಮೇಲೆ 'ಅಯ್ಯೋ ಅದು ಅರ್ಧ' ಅಂತೀರಿ."

"ಓದೋವಾಗ ಸ್ವಲ್ಪ ಅಡ್ಜಸ್ಟ್ ಮಾಡ್ಕೊಂಡ್ರೆ..."

"ಯಾಕ್ ಮಾಡ್ಕೋಬೇಕು?" ಅವರ ದನಿ ಏರಿತು. "ನಿಮ್ಮ ಪುಸ್ತಕದಲ್ಲಿ ಒತ್ತು ಪಕ್ಕದ ಅಕ್ಷರದ ಕೆಳಗೆ ಅಚ್ಚಾದ್ರೆ ನೀವು ಅಡ್ಜಸ್ಟ್ ಮಾಡ್ಕೋತೀರಾ?"

ಅಣ್ಣ ಎಣ್ಣೆಯ ಡಬ್ಬಿ ಹಿಡಿದುಕೊಂಡು ಮೆಲ್ಲನೆ ಹೊರಗೆ ಹೋದರು. ನನಗೆ ಸಿಟ್ಟು ಬಂದಿತ್ತು. ಅಷ್ಟು ದಿನದ ದುಡಿಮೆಗೆ ಒಂದು ಒಳ್ಳೆಯ ಮಾತಿಲ್ಲವಲ್ಲ ಎಂದು. ಅವತ್ತು ಸ್ಕೂಟರಿನ ಹಿಂದೆ ಅವರನ್ನು ಕೂರಿಸಿಕೊಂಡು ವಿಜಯನಗರದವರೆಗೆ ಬಂದೆ. ಸಿಗ್ನಲಿನಲ್ಲಿ ನಿಂತಾಗ ಅವರು ಹಿಂದಿನಿಂದ ನನ್ನ ಭುಜದ ಮೇಲೆ ಕೈಯಿಟ್ಟರು. "ಅಮ್ಮ ಇವತ್ತು ಮೆಂತ್ಯದ ಬಾತ್ ಮಾಡಿದಾರೆ. ಬಡಿಸ್ಕೊಂಡು ಜಗಳ ಮುಂದುವರಿಸೋಣ." ನಾನು ನಕ್ಕುಬಿಟ್ಟೆ. ಊಟ ಮಾಡುತ್ತ ಜಗಳವನ್ನು ಮುಂದುವರಿಸಲಿಲ್ಲ, ಅವರು ಹೇಳಿದ್ದೇ ಸರಿ ಎಂದು ಒಪ್ಪಿಕೊಂಡೆ. ಒಂದೊಂದು ಅಕ್ಷರ ನೋಡಿದ ತಕ್ಷಣ ತಿರುಗಿಸುವ ಬದಲು, ಮುಂದೆ ಏನಿದೆ ಎಂದು ಇಣುಕಿ ನೋಡಿ ನಂತರ ಬರೆಯುವ ಹಾಗೆ ಆ ಭಾಗವನ್ನು ಪೂರಾ ಅಳಿಸಿ ಹೊಸದಾಗಿ ಬರೆದೆ. ಹಾಗೆ ಬರೆದ ಪುಟವನ್ನು ಮಗಳು ಬೆರಳಿನಲ್ಲಿ, ತಾಯಿ ಅಚ್ಚಿನ ಪುಸ್ತಕದಲ್ಲಿ, ಇಬ್ಬರೂ ಒಟ್ಟಿಗೆ ಓದಿದರು. 'ಸಾಮ್ರಾಜ್ಯ' ಬಂದಾಗ ತಾಯಿ ತೊಡರಿದರು, ಮಗಳು ತೊಡರಲಿಲ್ಲ.

ಅಲ್ಲಿಗೆ ಮುಗಿಯಿತೆಂದುಕೊಂಡೆ. ಕಾರ್ಯದರ್ಶಿಗಳನ್ನು ನೋಡಲು ಕರೆದೆವು. ಅವರು ಬಂದು ಯಂತ್ರದ ಮುಂದೆ ಕುರ್ಚಿ ಹಾಕಿಕೊಂಡು ಕುಳಿತರು. ಪುಟಗಳು ಒಂದಾದ ಮೇಲೊಂದು ಚೆನ್ನಾಗಿ ಬಂದವು. ಅವರ ಮುಖ ಅರಳುವ ಹೊತ್ತಿಗೆ ಸರಿಯಾಗಿ ಟಕಟಕ ನಿಂತಿತು. ಪರದೆ ಸ್ತಬ್ಧ. ಕೀಲಿ ಒತ್ತಿದರೆ ಉಸಿರಿಲ್ಲ. ಮತ್ತೆ ಶುರು ಮಾಡಿದೆ. ಮತ್ತೆ ಒಂದಷ್ಟು ಪುಟ, ಮತ್ತೆ ಮೌನ.

ಕಾರ್ಯದರ್ಶಿಗಳು ಎದ್ದರು. "ಇಷ್ಟು ಮಾಡಿದ್ದೇ ದೊಡ್ಡದು ಮೇಡಂ. ನೀವು ಬೇಜಾರು ಮಾಡ್ಕೋಬೇಡಿ. ಮುಂದಿನ ಸೋಮವಾರ ಜಾಗ ಖಾಲಿ ಮಾಡಿಸ್ತೀನಿ."

ನಾನು ಬಾಯಿ ತೆರೆಯುವ ಮೊದಲೇ ಪಕ್ಕದಿಂದ ಮಗಳ ದನಿ ಬಂತು. "ಸೋಮವಾರ ತಾನೇ ಸಾರ್? ಇವತ್ತಿನ್ನೂ ಮಂಗಳವಾರ."

ಕಾಲೇಜಿಗೆ ರಜೆ ಹಾಕಿದೆ. ತಪ್ಪು ಎಲ್ಲಿರಬಹುದೆಂದು ನನಗೆ ಅಂದಾಜು ಬಂದಿತ್ತು. ಒಂದು ಪ್ರೋಗ್ರಾಮಿನ ಭಾಗ ಇನ್ನೊಂದನ್ನು ಕರೆಯುವಾಗ ಕೊಡಬೇಕಾದ್ದನ್ನೆಲ್ಲ ಕಂಪ್ಯೂಟರಿನ ನೆನಪಿನ ಒಂದು ಮೂಲೆಯಲ್ಲಿ ಜೋಡಿಸಿಡುತ್ತದೆ. ಕೆಲಸ ಮುಗಿದ ಮೇಲೆ ಆ ಮೂಲೆಯನ್ನು ಯಾರಾದರೂ ಖಾಲಿ ಮಾಡಬೇಕು. ಸಿಯಲ್ಲಿ ಕರೆದವರು ಖಾಲಿ ಮಾಡುತ್ತಾರೆ. ಪ್ಯಾಸ್ಕಲ್ಲಿನಲ್ಲಿ ಕರೆಸಿಕೊಂಡು ಬಂದವರೇ ಖಾಲಿ ಮಾಡಿ ಹೋಗಬೇಕು. ಇದನ್ನು ಮೇಲಿನ ಮನೆಯ ತಾಯಿಗೆ ವಿವರಿಸಿದಾಗ ಅವರು, "ಕೆಲವು ಮನೇಲಿ ಉಂಡೋರೇ ಎಲೆ ಎತ್ತಬೇಕು, ಕೆಲವು ಮನೇಲಿ ಎತ್ತಿದ್ರೆ ಬೈತಾರೆ, ಹಂಗಾ?" ಎಂದರು. ಹಾಗೇ. ಇದು ನನಗೆ ಗೊತ್ತಿದ್ದದ್ದೇ. ಸಿಯಲ್ಲಿ ಬರೆದ ಪ್ರತಿ ಫಂಕ್ಷನ್, ಅಂದರೆ ಒಂದೊಂದು ಕೆಲಸದ ತುಣುಕಿನ, ಮುಂದೆ ಪ್ಯಾಸ್ಕಲ್ಲಿನ ಪದ್ಧತಿಯಂತೆ ನಡೆದುಕೋ ಎಂದು ಹೇಳುವ ಒಂದು ಪದ ಸೇರಿಸಿದ್ದೆ. ಎಲ್ಲೋ ಒಂದು ಕಡೆ ಬಿಟ್ಟಿರಬೇಕು. ಎಲೆಗಳು ಎತ್ತುವವರಿಲ್ಲದೆ ಒಂದರ ಮೇಲೊಂದು ಬಿದ್ದು, ಕಡೆಗೆ ಕಾಲಿಡಲು ಜಾಗವಿಲ್ಲದೆ ಎಲ್ಲ ನಿಂತುಹೋಗುತ್ತಿರಬೇಕು.

ಬರೆದಿದ್ದನ್ನೆಲ್ಲ ಕಾಗದದ ಮೇಲೆ ಅಚ್ಚು ಹಾಕಿಸಿಕೊಂಡು, ಪ್ರೆಸ್ಸಿನ ಬಾಗಿಲ ಬಳಿ ಬೆಳಕಿನಲ್ಲಿ ಕೂತು, ಪ್ರತಿ ಸಾಲಿನ ಮೇಲೆ ಪೆನ್ಸಿಲ್ ಇಟ್ಟು ಓದಿದೆ. ಪ್ರತಿ ಫಂಕ್ಷನ್ನಿನ ಮುಂದೆಯೂ ಆ ಪದ ಇತ್ತು. ಮತ್ತೆ ಮೊದಲಿನಿಂದ ಓದಿದೆ. ಮರುದಿನ ಮತ್ತೆ. ಅಣ್ಣ ಟೀ ತಂದಿಟ್ಟು ಹೋಗುತ್ತಿದ್ದರು. ಮಗಳು ಬಂದು ಪಕ್ಕದಲ್ಲಿ ಕುಳಿತರು.

"ನೀವು ಬರೆದಿದ್ದನ್ನ ನೀವೇ ಓದಿದ್ರೆ ತಪ್ಪು ಸಿಗಲ್ಲ ಅಕ್ಕ. ನಮ್ಮ ಕೆಲಸದಲ್ಲೂ ಹಂಗೇ. ಇರ್ಬೇಕಾದ್ದನ್ನ ಓದ್ತೀರಿ, ಇರೋದನ್ನ ಓದಲ್ಲ. ಗಟ್ಟಿಯಾಗಿ ಓದಿ, ನಾನು ಕೇಳ್ತೀನಿ."

"ನಿಮಗೆ ಸಿ ಅರ್ಥ ಆಗಲ್ವಲ್ಲ?"

"ಅರ್ಥ ಯಾರಿಗೆ ಬೇಕು? ಒಂದೇ ಥರ ಇರ್ಬೇಕಾದ್ದು ಒಂದೇ ಥರ ಕೇಳಿಸ್ಬೇಕು, ಅಷ್ಟೇ."

ಗಟ್ಟಿಯಾಗಿ ಓದುವುದೆಂದರೆ ಏನನ್ನೂ ಹಾರಿಸುವ ಹಾಗಿಲ್ಲ. ಕಣ್ಣು ಓಡಿಸಿಕೊಂಡು ಹೋಗುತ್ತಿದ್ದ ಕಡೆಯಲ್ಲೆಲ್ಲ ನಾಲಿಗೆ ನಿಲ್ಲಬೇಕಾಯಿತು. ನಾನು ಹೊಸದಾಗಿ ಬರೆದ ಒತ್ತಕ್ಷರದ ಭಾಗ ಬಂತು. ಅಲ್ಲಿ ಮುಂದೆ ಇಣುಕಿ ನೋಡುವ ಒಂದು ಪುಟ್ಟ ಫಂಕ್ಷನ್. ಅದರ ಮುಂದೆಯೂ ಆ ಪದ ಇತ್ತು, ಆದರೆ ಟಿಪ್ಪಣಿ ಮುಗಿಸುವ ಗುರುತು ಅದಕ್ಕಿಂತ ಮುಂಚೆ ಬಾಯಿಗೆ ಬರಲೇ ಇಲ್ಲ. ಪದ ಟಿಪ್ಪಣಿಯೊಳಗೆ ಸಿಕ್ಕಿಕೊಂಡಿತ್ತು. ಟಿಪ್ಪಣಿ ನಾವು ಓದಿಕೊಳ್ಳಲು ಬರೆಯುವಂಥದ್ದು, ಕಂಪೈಲರ್ ಅದನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಅವಸರದಲ್ಲಿ ಟಿಪ್ಪಣಿ ಮುಗಿಸುವ ಗುರುತನ್ನು ಪದದ ಆಚೆ ಹಾಕಿದ್ದೆ.

"ಯಾಕೆ ನಿಲ್ಲಿಸಿದ್ರಿ?" ಎಂದರು ಮಗಳು.

ಅವರ ಕೈ ಹಿಡಿದು ಅದುಮಿದೆ.

ಆ ಗುರುತನ್ನು ಸರಿಸಿ ಮತ್ತೆ ಜೋಡಿಸಿ ಯಂತ್ರ ಶುರು ಮಾಡಿದೆ. ನಿಂತುಹೋಗುತ್ತಿದ್ದ ಜಾಗ ದಾಟಿತು. ಅಣ್ಣ ಕಾಗದ ಏರಿಸಿದರು. ಮತ್ತೆ ಏರಿಸಿದರು. ಮೊದಲ ಅಧ್ಯಾಯ ಮುಗಿದು ಎರಡನೆಯದು ಶುರುವಾದಾಗ ಅಣ್ಣ ಟವೆಲಿನಿಂದ ಮುಖ ಒರೆಸಿಕೊಂಡು, "ಮೇಡಂ, ಇನ್ನು ನೀವು ಮನೆಗೆ ಹೋಗಿ. ನಾನು ನೋಡ್ಕೋತೀನಿ" ಎಂದರು. ನಾನು ಹೋಗಲಿಲ್ಲ. ಕಾರ್ಯದರ್ಶಿಗಳು ಸೋಮವಾರ ಬಂದಾಗ ಮೊದಲ ಸಂಪುಟದ ಹಾಳೆಗಳು ಗೋಡೆಯ ಉದ್ದಕ್ಕೂ ಜೋಡಿಸಿಟ್ಟಿದ್ದವು. ಅವರು ಒಂದು ಹಾಳೆ ಎತ್ತಿ, ಕಣ್ಣು ಮುಚ್ಚಿಕೊಂಡು ಬೆರಳಾಡಿಸಿ, ಏನೂ ತಿಳಿಯದೆ ನಕ್ಕು ಕೆಳಗಿಟ್ಟರು. ಜಾಗದ ಮಾತು ಎತ್ತಲಿಲ್ಲ.

ಬೈಂಡು ಹಾಕಿದ ಮೊದಲ ಪ್ರತಿಗಳನ್ನು ಕೆಂಗೇರಿಯ ಹಾಸ್ಟೆಲ್ಲಿಗೆ ಒಯ್ಯಲು ನಾವಿಬ್ಬರೇ ಹೋದೆವು. ಬ್ರೈಲ್ ಪುಸ್ತಕ ದಿಂಬಿನಷ್ಟು ದಪ್ಪ. ಮೆಟ್ರೋದಲ್ಲಿ ಎರಡು ಚೀಲ ಕಾಲ ನಡುವೆ ಇಟ್ಟುಕೊಂಡು ಕೂತೆವು. ಕಾಲೇಜು ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಹಾಸ್ಟೆಲ್ಲಿನ ವರಾಂಡದಲ್ಲಿ ದ್ವಿತೀಯ ಪಿಯುಸಿಯ ಒಬ್ಬ ಹುಡುಗಿ ಪುಸ್ತಕವನ್ನು ಮಡಿಲಿಗೆ ಹಾಕಿಕೊಂಡಳು. ಮೊದಲು ಮುಖಪುಟ ಮುಟ್ಟಿ ನೋಡಿದಳು, ಆಮೇಲೆ ನಡುವೆ ಎಲ್ಲೋ ತೆರೆದು ಓದತೊಡಗಿದಳು. ತುಟಿ ಅಲುಗುತ್ತಿತ್ತು. ನಾವು ನಿಂತೇ ಇದ್ದೆವು. ಒಂದು ಸಾಲಿನ ಮೇಲೆ ಅವಳ ಬೆರಳು ನಿಂತಿತು. ತಪ್ಪೇನಾದರೂ ಸಿಕ್ಕಿತೇ ಎಂದು ನಾನು ಬಗ್ಗಿ ನೋಡಿದೆ. ಬೆರಳು ಹಿಂದಕ್ಕೆ ಹೋಯಿತು, ಅದೇ ಸಾಲನ್ನು ಮತ್ತೆ ಓದಿತು.

"ಏನಾಯ್ತಮ್ಮ?" ಎಂದೆ.

"ಏನಿಲ್ಲ ಮಿಸ್. ಈ ಸಾಲು ಚೆನ್ನಾಗಿದೆ."

ನನ್ನ ಪಕ್ಕದಲ್ಲಿದ್ದವರು ಮುಖವನ್ನು ಆಚೆ ತಿರುಗಿಸಿದರು. ಆಮೇಲೆ ಹುಡುಗಿ ಕೇಳಿದಳು: "ಎರಡನೇ ಭಾಗ ಯಾವಾಗ ಬರತ್ತೆ? ಅದರಲ್ಲೇ ಅಂತೆ ಜಾಸ್ತಿ ಪ್ರಶ್ನೆ ಬರೋದು."

ವಾಪಸು ಬರುವಾಗ ಕೆಂಗೇರಿ ನಿಲ್ದಾಣದ ಬೆಂಚಿನ ಮೇಲೆ ರೈಲಿಗೆ ಕಾಯುತ್ತಿದ್ದೆವು. ಎರಡನೇ ಭಾಗದಲ್ಲಿ ರಾಜವಂಶಗಳ ಕೋಷ್ಟಕಗಳಿವೆ, ಅಡ್ಡ ಸಾಲು ಉದ್ದ ಸಾಲು ಎರಡೂ. ಪ್ಯಾಸ್ಕಲ್ ಭಾಗಕ್ಕೆ ಅಂಥದ್ದು ಬರುವುದೇ ಇಲ್ಲ, ಅಷ್ಟನ್ನೂ ಹೊಸದಾಗಿ ಬರೆಯಬೇಕಾಗುತ್ತದೆ ಎಂದು ನಾನು ಹೇಳಿದೆ.

"ಕಷ್ಟಾನಾ?" ಎಂದರು.

"ಕಷ್ಟ."

"ಎಷ್ಟು ಹೊತ್ತಿಗೆ ಬರ್ಲಿ ನಾಳೆ ಕೆಳಗೆ?"

"ಕಾಲೇಜು ಮುಗಿಸ್ಕೊಂಡು ನಾನೇ ಪ್ರೆಸ್ಸಿಗೆ ಬರ್ತೀನಿ. ಒಂದು ಕೋಷ್ಟಕ ಬ್ರೈಲಲ್ಲಿ ಹೆಂಗಿರ್ಬೇಕು ಅಂತ ಕೈಯಲ್ಲೇ ಚುಕ್ಕೆ ಚುಚ್ಚಿ ರೆಡಿ ಇಟ್ಟಿರಿ."

ಅವರು ತಲೆಯಾಡಿಸಿ, ಆಗಲೇ ಬೆಂಚಿನ ಮೇಲೆ ಬೆರಳಿನಿಂದ ಸಾಲುಗಳನ್ನು ಅಳೆಯತೊಡಗಿದರು.